ಬಂಬಾವಾಲಾನ ಹೆಲ್ಮೆಟ್: ಹನ್ನೊಂದು ತಿಂಗಳು, ಒಂಬತ್ತು ಪಾಠ

ವಿಮಾನದ ತಗಡು ಕೆಲಸದಲ್ಲಿ 31 ವರ್ಷ ಕಳೆದು ನಿವೃತ್ತನಾದ ಮೇಲೆ ಹಳೆಯ ಹಿತ್ತಾಳೆ ಸಾಮಾನು ರಿಪೇರಿ ಮಾಡುವ ಚಟ ಹತ್ತಿತು. ದೀಪದ ಕಂಬ, ತೂತು ಬಿದ್ದ ಹಂಡೆ, ಕೈ ಮುರಿದ ತಕ್ಕಡಿ, ಹಡಗಿನ ಲಾಟೀನು... ಮನೆಯ ಹಿಂದಿನ ಶೆಡ್ಡಿಗೆ ಬಾರದ ವಸ್ತುವಿಲ್ಲ. ಇವೆಲ್ಲದರ ನಡುವೆ ನನಗೆ ಸರಿಯಾಗಿ ಬುದ್ಧಿ ಕಲಿಸಿದ್ದು ಮಂಗಳೂರು ಕಡೆಯ ಮನೆಯೊಂದರಿಂದ ಗೋಣಿತಾಟಿನಲ್ಲಿ ಸುತ್ತಿಕೊಂಡು ಬಂದ, ಬೆಂಕಿ ದಳದವನ ಹಿತ್ತಾಳೆ ಹೆಲ್ಮೆಟ್. ತಂದವರ ಅಜ್ಜ ಸ್ವಾತಂತ್ರ್ಯಕ್ಕೆ ಮೊದಲು ಮುಂಬಯಿಯ ಹತ್ತಿ ಗಿರಣಿಯೊಂದರ ಬೆಂಕಿ ದಳದಲ್ಲಿದ್ದರಂತೆ. ಬೆಂಕಿ ಆರಿಸುವವರನ್ನು ಅಲ್ಲಿನ ಜನ ಬಂಬಾವಾಲಾ ಅನ್ನುತ್ತಾರೆ. ಊರಿಗೆ ಮರಳಿದ ಮೇಲೂ ಅಜ್ಜನಿಗೆ ಅದೇ ಹೆಸರು.

ಕೆಲಸ ಮುಗಿಯಲು 11 ತಿಂಗಳು ಹಿಡಿಯಿತು. ಅದರಲ್ಲಿ ಕೈ ಆಡಿಸಿದ್ದು ಒಟ್ಟು 20 ದಿನ ಇದ್ದೀತು. ಮಿಕ್ಕಿದ್ದು ನೋಡುತ್ತ ಕೂತದ್ದು.

1. ಕೊಳ್ಳುವ ಮೊದಲು ಒಳಗೆ ಬೆರಳಾಡಿಸಿ

ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಎಷ್ಟೋ ವರ್ಷಗಳ ಹಿಂದೆ ಭಾನುವಾರದ ಸಂತೆಯಲ್ಲಿ “ಬ್ರಿಟಿಷರ ಕಾಲದ್ದು ಸಾರ್” ಎಂದು ಒಬ್ಬ ಕೊಟ್ಟ ಇಂಥದೇ ಹೆಲ್ಮೆಟ್ಟನ್ನು ಕಣ್ಣು ಮುಚ್ಚಿಕೊಂಡು ತಂದಿದ್ದೆ. ಕಪ್ಪು ತೆಗೆಯಲು ನಾಲ್ಕು ದಿನ ತಿಕ್ಕಿದೆ. ಕಪ್ಪಿನ ಕೆಳಗೆ ವಾರ್ನಿಷ್, ವಾರ್ನಿಷಿನ ಕೆಳಗೆ ಮೊನ್ನೆ ಮೊನ್ನೆಯ ಹಿತ್ತಾಳೆ. ಮುರಾದಾಬಾದಿನಂಥ ಊರುಗಳಲ್ಲಿ ಇವನ್ನು ಅಲಂಕಾರಕ್ಕೆಂದು ಮಾಡಿ ದೇಶ ವಿದೇಶಕ್ಕೆ ಕಳಿಸುತ್ತಾರೆ. ಮಾಡುವವರ ಮೋಸ ಏನೂ ಇಲ್ಲ, ಅವರು ಶೋಕೇಸಿನ ಸಾಮಾನು ಎಂದೇ ಮಾರುತ್ತಾರೆ. ನಾಲ್ಕು ಕೈ ದಾಟುವಷ್ಟರಲ್ಲಿ ಅದಕ್ಕೆ ನೂರು ವರ್ಷ ವಯಸ್ಸಾಗಿರುತ್ತದೆ, ಅಷ್ಟೆ.

ಅಸಲಿಯನ್ನು ಒಮ್ಮೆ ಕೈಯಲ್ಲಿ ಹಿಡಿದರೆ ಮತ್ತೆ ಮೋಸ ಹೋಗುವುದು ಕಷ್ಟ. ತಗಡು ದಪ್ಪ, ತೂಕ ಒಂದು ಕಿಲೋ ದಾಟುತ್ತದೆ. ಒಳಗಿನ ತೊಗಲನ್ನು ಗೋಂದು ಹಾಕಿ ಮೆತ್ತಿರುವುದಿಲ್ಲ, ದಾರ ಪೋಣಿಸಿ ಕಟ್ಟಿರುತ್ತಾರೆ. ನೆತ್ತಿಯ ಮೇಲೆ ಹುಂಜದ ಜುಟ್ಟಿನಂತೆ ಎದ್ದ ಭಾಗವನ್ನು ಎರಡು ಹೋಳಾಗಿ ಅಚ್ಚೊತ್ತಿ ಬೆಸೆದಿರುತ್ತಾರೆ. ಅದರ ಎರಡೂ ಮಗ್ಗುಲಲ್ಲಿ ಡ್ರ್ಯಾಗನ್ ಇರುತ್ತದೆ. ನಕಲಿಯಲ್ಲಿ ಆ ಡ್ರ್ಯಾಗನ್ನಿನ ಹುರುಪೆಗಳು ಕರಗಿದ ಬೆಲ್ಲದಂತೆ ಮೊಂಡಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಸವೆತ ನೋಡಬೇಕು. ತೊಟ್ಟವನ ಹೆಬ್ಬೆರಳು ತಾಗುವ ಜಾಗ, ಗದ್ದದ ಸರಪಳಿ ತೂಗಿ ಉಜ್ಜಿದ ಜಾಗ, ಇವು ಸವೆದಿರಬೇಕು. ಎಲ್ಲ ಕಡೆ ಸಮನಾಗಿ ಹಳತಾದದ್ದು ಹಳತಲ್ಲ.

ಮಾದರಿಯ ಕಥೆ ಲಂಡನ್ನಿನದು. 1861ರ ಜೂನ್‌ನಲ್ಲಿ ಥೇಮ್ಸ್ ದಂಡೆಯ ಟೂಲಿ ಬೀದಿಯ ಉಗ್ರಾಣಗಳಿಗೆ ಬೆಂಕಿ ಬಿದ್ದಾಗ ದಳದ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತರು. ಆಗ ಅವರ ಕಡೆಯವರ ತಲೆಯ ಮೇಲಿದ್ದದ್ದು ತೊಗಲಿನ ಟೋಪಿ. ಅವರ ಜಾಗಕ್ಕೆ ಬಂದ ಕ್ಯಾಪ್ಟನ್ ಐರ್ ಮ್ಯಾಸಿ ಷಾ ಪ್ಯಾರಿಸ್ಸಿನ ಅಗ್ನಿಶಾಮಕರ ಲೋಹದ ಹೆಲ್ಮೆಟ್ ನೋಡಿ ಮೆಚ್ಚಿದವರು. 1866ರಲ್ಲಿ ಮೆಟ್ರೋಪಾಲಿಟನ್ ಫೈರ್ ಬ್ರಿಗೇಡ್ ಹುಟ್ಟಿದಾಗ ಹಿತ್ತಾಳೆ ತಂದರು. ಹಣೆಯ ಬಿಲ್ಲೆಯ ಮೇಲೆ ಅಡ್ಡಹಾಕಿದ ಕೊಡಲಿಗಳು, ಉರಿಯುವ ಪಂಜು, ನೀರಿನ ಹೋಸು. ಮೆರಿವೆದರ್ ಕಂಪನಿ ಮಾಡಿ ಮಾರಿದ್ದರಿಂದ ಸಂಗ್ರಾಹಕರ ಬಾಯಲ್ಲಿ ಈ ನಮೂನೆಗೆ ಅದೇ ಹೆಸರು. ಬ್ರಿಟಿಷ್ ಬಾವುಟ ಹೋದಲ್ಲೆಲ್ಲ ಇದೂ ಹೋಯಿತು.

2. ಮೊದಲ ವಾರ ಫೋಟೋ ಮಾತ್ರ

ಎಲ್ಲ ಮಗ್ಗುಲಿನ ಫೋಟೋ, ಪ್ರತಿ ತಿರುಪಿನ ಫೋಟೋ, ಕಿಲುಬಿನ ಫೋಟೋ. ಬಿಚ್ಚಿದ ತಿರುಪುಗಳನ್ನು ಇಡ್ಲಿ ತಟ್ಟೆಯ ಕುಳಿಗಳಲ್ಲಿ ಚೀಟಿ ಬರೆದು ಇಟ್ಟೆ. ಹಳೆಯ ಇಡ್ಲಿ ತಟ್ಟೆಗಿಂತ ಒಳ್ಳೆಯ ವರ್ಕ್‌ಶಾಪ್ ಟ್ರೇ ನಾನು ಕಂಡಿಲ್ಲ.

3. ಬಿಚ್ಚಿಕೊಳ್ಳದ ನಟ್ಟಿಗೆ ಸೀಮೆಎಣ್ಣೆ ಕುಡಿಸಿ, ನೀವು ಕಾಫಿ ಕುಡಿಯಿರಿ

ಹಣೆಯ ಬಿಲ್ಲೆಯನ್ನೂ ಕಿವಿಯ ಮೇಲಿನ ಹೂಬಿಲ್ಲೆಗಳನ್ನೂ ಹಿಡಿದ ತಿರುಪುಗಳು ಹಿಂಬದಿಯಿಂದ ಬೆಸುಗೆ ಹಾಕಿ ನಿಲ್ಲಿಸಿದ ಕಡ್ಡಿಗಳು. ಸ್ಪ್ಯಾನರ್ ಹಾಕಿ ಒತ್ತಿದರೆ ನಟ್ಟು ತಿರುಗುವ ಬದಲು ಕಡ್ಡಿಯೇ ಬುಡಸಮೇತ ಕಿತ್ತು ಬರುತ್ತದೆ. ಹತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ನಟ್ಟಿನ ಮೇಲಿಟ್ಟು ದಿನಾ ಬದಲಿಸಿದೆ. ಐದು ನಟ್ಟು ಮೂರನೆಯ ದಿನ ಬೆರಳಲ್ಲೇ ಬಂದವು, ಆರನೆಯದಕ್ಕೆ 16 ದಿನ ಬೇಕಾಯಿತು. ಒಂದು ನಟ್ಟು ಮೊದಲೇ ಕಳೆದುಹೋಗಿತ್ತು. ಅಂಗಡಿಯಲ್ಲಿ ಸಿಗುವ ಎಂ4 ನಟ್ಟು ಅಲ್ಲಿ ಕೂರುವುದಿಲ್ಲ, ಅದು ಹಳೆಯ ಇಂಗ್ಲಿಷ್ ಥ್ರೆಡ್. ಒತ್ತಿ ಕೂರಿಸಿದರೆ ಎರಡೂ ಹಾಳು. ಹಿತ್ತಾಳೆ ಸರಳಿನ ತುಂಡಿನಿಂದ ಹೊಸದನ್ನು ಲೇತಿನಲ್ಲಿ ಮಾಡಿಸಿಕೊಂಡೆ. ಅದರ ಒಳಮೈಗೆ ಸಣ್ಣದೊಂದು ಚುಕ್ಕಿ ಕೊರೆದಿದ್ದೇನೆ. ಮುಂದೆ ಬಿಚ್ಚುವವನಿಗೆ ಇದು ಆಮೇಲೆ ಸೇರಿದ್ದು ಎಂದು ಗೊತ್ತಾಗಲಿ.

4. ಹುಣಸೆಹಣ್ಣು ಅಡುಗೆಮನೆಯಲ್ಲೇ ಇರಲಿ

ನನ್ನ ಶೆಡ್ಡಿಗೆ ಬಂದ ಪ್ರತಿಯೊಬ್ಬರೂ, ಹಾಲಿನವನೂ ಸೇರಿ, ಕೊಟ್ಟ ಸಲಹೆ ಒಂದೇ: “ಹುಣಸೆಹಣ್ಣು ಹಾಕಿ ತಿಕ್ಕಿ ಸ್ವಾಮಿ, ಫಳಫಳ ಅನ್ನುತ್ತೆ.” ಅನ್ನುತ್ತದೆ ನಿಜ. ನಮ್ಮ ಅಮ್ಮ ಬಿಂದಿಗೆ ತಿಕ್ಕುತ್ತಿದ್ದದ್ದು ಹಾಗೆಯೇ. ಬಿಂದಿಗೆಯನ್ನು ಪ್ರತಿ ವಾರ ಬೂದಿ ಹಾಕಿ ಮತ್ತೆ ಉಜ್ಜುತ್ತಾರೆ, ಆದ್ದರಿಂದ ನಡೆಯುತ್ತದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಸಂಸಾರ. ಹುಳಿ ಹೆಚ್ಚು ಹೊತ್ತು ಕೂತರೆ ಮೊದಲು ಮನೆ ಬಿಟ್ಟು ಹೋಗುವುದು ಸತು. ತಾಮ್ರ ಒಂಟಿಯಾಗಿ ಉಳಿದು ಅಲ್ಲಲ್ಲಿ ಕೆನ್ನೆ ಕೆಂಪಾದಂತೆ ಗುಲಾಬಿ ಮಚ್ಚೆ ಏಳುತ್ತದೆ. ಆ ಮಚ್ಚೆ ಮೇಲಿನ ಕೊಳೆಯಲ್ಲ, ಲೋಹವೇ ಬದಲಾದದ್ದು. ಉಜ್ಜಿ ತೆಗೆಯಬೇಕೆಂದರೆ ಅಷ್ಟು ತಗಡನ್ನೇ ತೆಗೆಯಬೇಕು. ಹಿತ್ತಾಳೆ ಪಾತ್ರೆಯಲ್ಲಿ ಸಾರು ಮಾಡುವ ಮುನ್ನ ಕಲಾಯಿ ಹಾಕಿಸುತ್ತಿದ್ದ ನಮ್ಮ ಹಿರಿಯರಿಗೆ ಹುಳಿಗೂ ಹಿತ್ತಾಳೆಗೂ ಆಗಿಬರುವುದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು.

ನಾನು ಮಾಡಿದ್ದು ಇಷ್ಟು. ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್. ಅಂಟಿಕೊಂಡ ಹಸಿರಿಗೆ ಬಿದಿರಿನ ಕಡ್ಡಿಯನ್ನು ಉಳಿಯಂತೆ ಸವರಿಕೊಂಡೆ. ಬಿದಿರು ಕಿಲುಬನ್ನು ಎತ್ತುತ್ತದೆ, ಹಿತ್ತಾಳೆಯನ್ನು ಗೀರುವುದಿಲ್ಲ. ಕೊನೆಗೆ, ಮ್ಯೂಸಿಯಮ್ಮಿನವರು ಬಳಸುವ ನಯವಾದ ಚಾಕ್ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಹತ್ತಿಯಲ್ಲಿ ಹಚ್ಚಿದೆ. ಒಂದು ಅಂಗೈಯಗಲ ಬೆಳಗಲು ಮುಕ್ಕಾಲು ಗಂಟೆ.

5. ತಿರುಗುವ ಬಫಿಂಗ್ ಚಕ್ರದ ಹತ್ತಿರವೂ ಸುಳಿಯಬೇಡಿ

ಇದಕ್ಕೆ ವಿವರಣೆ ಬೇಕಿಲ್ಲ, ಆದರೂ ಹೇಳುತ್ತೇನೆ. ಈ ಹೆಲ್ಮೆಟ್ಟುಗಳನ್ನು ತೊಟ್ಟವರು ಡ್ಯೂಟಿಯ ಭಾಗವಾಗಿ ವರ್ಷಗಟ್ಟಲೆ ಪಾಲಿಶ್ ಮಾಡಿದ್ದಾರೆ. ಡ್ರ್ಯಾಗನ್ನಿನ ಮೂಗು, ಕೊಡಲಿಯ ಅಂಚು, ಎಲ್ಲ ಉಬ್ಬುಗಳೂ ಆಗಲೇ ತೆಳುವಾಗಿವೆ. ಅವರು ಉಳಿಸಿಹೋದ ಚೂರುಪಾರನ್ನು ಚಕ್ರ ಎರಡು ನಿಮಿಷದಲ್ಲಿ ನುಂಗುತ್ತದೆ. ಸರಪಳಿಯ ಕೊಂಡಿಯೊಂದು ಚಕ್ರಕ್ಕೆ ಸಿಕ್ಕಿದರೆ ಅದು ಗೋಡೆಗೆ ಹೋಗುತ್ತದೋ ನಿಮ್ಮ ಹಲ್ಲಿಗೆ ಬರುತ್ತದೋ ದೇವರೇ ಬಲ್ಲ. ನನ್ನದೊಂದು ಹಲ್ಲು ಅರ್ಧ ಇರುವುದು ಹೀಗೆ, ಆದರೆ ಅದು ಬೇರೆ ವಸ್ತುವಿನ ಕಥೆ.

6. ತಗ್ಗನ್ನು ಪೂರ್ತಿ ಎತ್ತಲು ಹೋಗಬೇಡಿ

ಜುಟ್ಟು ಬರೀ ಚೆಂದಕ್ಕಲ್ಲ. ಮೇಲಿಂದ ತೊಲೆಯೋ ಹೆಂಚೋ ಬಿದ್ದರೆ ಮೊದಲ ಏಟು ತಿನ್ನುವುದು ಅದು. ತಾನು ನಜ್ಜುಗುಜ್ಜಾಗಿ ಬುರುಡೆಗೆ ತಲುಪುವ ಪೆಟ್ಟನ್ನು ತಗ್ಗಿಸುತ್ತದೆ. ಈ ಹೆಲ್ಮೆಟ್ಟಿನ ಜುಟ್ಟು ಹಿಂಭಾಗದಲ್ಲಿ ಎಡಕ್ಕೆ ಬಾಗಿತ್ತು. ಅದರ ಪಕ್ಕ ಬುರುಡೆಯಲ್ಲಿ ಎಂಟಾಣೆ ನಾಣ್ಯದಗಲದ ತಗ್ಗು. ಅಂದಹಾಗೆ, ಹಿತ್ತಾಳೆ ಬಿಸಿಯಿಂದ ಕಾಪಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಇಲ್ಲ, ಅದು ಬಿಸಿಯನ್ನು ಒಳಗೆ ಕರೆದುತರುವ ಲೋಹ, ಜೊತೆಗೆ ಕರೆಂಟನ್ನೂ. ಕಟ್ಟಡಗಳಿಗೆ ವಿದ್ಯುತ್ ತಂತಿ ಬಂದ ಮೇಲೆ ಒದ್ದೆ ತಲೆಯ ಮೇಲೆ ಹಿತ್ತಾಳೆ ಇಟ್ಟುಕೊಂಡು ಒಳಗೆ ನುಗ್ಗುವುದು ಅಪಾಯವಾಯಿತು. ಲಂಡನ್ 1930ರ ದಶಕದಲ್ಲಿ ಇದನ್ನು ಕೈಬಿಟ್ಟಿತು. ಸಿಡ್ನಿಯವರು 1960ರ ದಶಕದ ತನಕ ತೊಟ್ಟರು.

ತಗ್ಗಿನ ವಿಚಾರಕ್ಕೆ ಬರೋಣ. ಮರಳು ಚೀಲದ ಮೇಲೆ ಹೆಲ್ಮೆಟ್ ಅಂಗಾತ ಇಟ್ಟು, ಒಳಗಿನಿಂದ ಹಲಸಿನ ಮರದ ಗುಂಡಗಿನ ತುಂಡೊಂದನ್ನು ಇಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಬೇಕು. ನಡುವಿಗಲ್ಲ, ಅಂಚಿನಿಂದ ಸುತ್ತುತ್ತ ಒಳಗೆ ಬರಬೇಕು. ಒಂದು ಹದದ ತನಕ ತಗಡು ನಿಮ್ಮ ಮಾತು ಕೇಳುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ: ‘ದಬ್’ ಅನ್ನುತ್ತಿದ್ದದ್ದು ‘ಟಣ್’ ಅನ್ನತೊಡಗುತ್ತದೆ. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ, ಆ ಟಣ್ ಅದರ ಎಚ್ಚರಿಕೆ. ಹೊಸ ತಗಡಾದರೆ ಕಾಯಿಸಿ ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯಬಹುದು. ಅದಕ್ಕೆ 450 ಡಿಗ್ರಿಗಿಂತ ಮೇಲೆ ಬೇಕು. ಜುಟ್ಟಿನ ಎರಡು ಹೋಳುಗಳನ್ನು ಹಿಡಿದಿರುವ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗಲು ಶುರು. ಈ ಲೆಕ್ಕ ಗೊತ್ತಿದ್ದೂ ಹಿಂದೊಮ್ಮೆ ಬೇರೊಂದು ಹೆಲ್ಮೆಟ್ಟಿಗೆ ಟಾರ್ಚ್ ಹಿಡಿದು, ಜುಟ್ಟು ಹಲಸಿನ ತೊಳೆಯಂತೆ ಬಿಚ್ಚಿಕೊಂಡು, ಬೆಸುಗೆಯೆಲ್ಲ ಬುರುಡೆಯ ಮೇಲೆ ಕಣ್ಣೀರಿನಂತೆ ಇಳಿದದ್ದನ್ನು ಕಂಡಿದ್ದೇನೆ. ಈ ಸಲ ಟಣ್ ಎಂದ ತಕ್ಷಣ ಕೊಡತಿ ಕೆಳಗಿಟ್ಟೆ. ತಗ್ಗು ಸುಮಾರು 2 ಮಿಲಿಮೀಟರ್ ಉಳಿದಿದೆ. ಇರಲಿ.

7. ಘಾಟಿಗೆ ಹೆದರಿ

ಬಲಗಡೆ, ಮುಂದಿನ ಚಾಚು ಬುರುಡೆಗೆ ಕೂಡುವ ತಿರುವಿನಲ್ಲಿ ಒಂದು ಕೂದಲು ಅಂಟಿಕೊಂಡಿತ್ತು. ತೆಗೆಯಹೋದೆ, ಬರಲಿಲ್ಲ. ಉಗುರು ಆಡಿಸಿದೆ, ಉಗುರು ಸಿಕ್ಕಿಕೊಂಡಿತು. ಭೂತಗನ್ನಡಿ ಹಿಡಿದು ನೋಡಿದರೆ 11 ಮಿಲಿಮೀಟರ್ ಉದ್ದದ ಬಿರುಕು, ಅದರ ಮಗ್ಗುಲಲ್ಲಿ ಇನ್ನೆರಡು ಮರಿ ಬಿರುಕು. ಸುತ್ತಮುತ್ತ ಎಲ್ಲೂ ಏಟಿನ ಗುರುತಿಲ್ಲ. ಏಟು ತಿನ್ನದ ತಗಡು ತಾನಾಗಿ ಸೀಳುವುದೆಂದರೇನು?

ಮನೆಯವರಿಗೆ ಫೋನು ಮಾಡಿ, ಇದನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. “ಹಟ್ಟಿಯ ಅಟ್ಟದಲ್ಲಿ, ಒಂದು ನಲವತ್ತು ವರ್ಷ ಇದ್ದೀತು” ಅಂದರು. ಕೆಳಗೆ ದನ, ಮೇಲೆ ಒಣಹುಲ್ಲು, ಹುಲ್ಲಿನ ಮಧ್ಯೆ ಅಜ್ಜನ ಹೆಲ್ಮೆಟ್. ನಾನು ಫೋನ್ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಗಡು ಕೆಲಸದ ತರಬೇತಿಯಲ್ಲಿ ನಮಗೆ ಹೇಳುತ್ತಿದ್ದ ಹಳೆಯ ಕಥೆ ಕಣ್ಣೆದುರು ನಿಂತಿತ್ತು.

ಆ ಕಥೆ ಭಾರತದ್ದೇ. ಇಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿದ್ದ ಹಾಗೆಯೇ ಬಿರುಕು ಬಿಡುತ್ತಿದ್ದವು. ಹಾರಿಸದ, ಮುಟ್ಟದ ತೋಟಾಗಳು. ಮಳೆಯ ಋತುವಿಗೆ ಗಂಟು ಹಾಕಿ ಇದನ್ನು ಋತುಬಿರುಕು ಎಂಬರ್ಥದಲ್ಲಿ ‘ಸೀಸನ್ ಕ್ರ್ಯಾಕಿಂಗ್’ ಎಂದು ಕರೆದರು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ತೋಟಾಗಳನ್ನು ಇಡುತ್ತಿದ್ದದ್ದು ಕುದುರೆ ಲಾಯಗಳಲ್ಲಿ. ಕುದುರೆಯ ಉಚ್ಚೆಯಿಂದ ಎದ್ದ ಅಮೋನಿಯಾ ಮಳೆಗಾಲದ ತೇವದ ಜೊತೆ ಸೇರಿ ಹಿತ್ತಾಳೆಯ ಹರಳುಗಳ ನಡುವಿನ ಸಂದುಗಳಲ್ಲಿ ಇಳಿಯುತ್ತಿತ್ತು. ಬರೀ ಅಮೋನಿಯಾ ಸಾಲದು, ತಗಡಿನೊಳಗೆ ಮೊದಲೇ ಬಿಗಿತ ಇರಬೇಕು. ಅಚ್ಚಿನಲ್ಲಿ ಎಳೆದು, ಬಾಗಿಸಿ, ಅಂಚು ಸುತ್ತಿ ಮಾಡಿದ ವಸ್ತುವಿನಲ್ಲಿ ಆ ಬಿಗಿತ ಹುಟ್ಟಿದಾಗಿನಿಂದ ಉಳಿದೇ ಇರುತ್ತದೆ. ಬಿಗಿಯಾಗಿ ಕಟ್ಟಿದ ಹಗ್ಗದ ಎಳೆಗಳನ್ನು ಇಲಿ ಒಂದೊಂದಾಗಿ ಕಡಿದಂತೆ ಕೆಲಸ ನಡೆಯುತ್ತದೆ.

ಕರಾವಳಿಯ ಮಳೆ, ಗಂಜಲದ ಘಾಟು, ಬಾಗಿಸಿದ ಚಾಚು. ಲಾಯದ ಜಾಗದಲ್ಲಿ ಹಟ್ಟಿ, ಅಷ್ಟೇ ವ್ಯತ್ಯಾಸ.

ಇನ್ನು ಇದಕ್ಕೇನು ಮಾಡುವುದು? ವಿಮಾನದ ತಗಡಿನಲ್ಲಿ ಬಿರುಕು ಕಂಡರೆ ಅದರ ತುದಿಗೆ ಸಣ್ಣ ತೂತು ಕೊರೆಯುತ್ತೇವೆ. ಚೂಪಾದ ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಕೈ ತಾನಾಗಿ ಡ್ರಿಲ್ಲಿನ ಕಡೆ ಹೋಯಿತು. ಆದರೆ ಕೊರೆದ ತೂತನ್ನು ಮತ್ತೆ ಮುಚ್ಚಲಾಗದು, ಈ ಹೆಲ್ಮೆಟ್ಟೇನೂ 30,000 ಅಡಿ ಎತ್ತರಕ್ಕೆ ಏರುವುದಿಲ್ಲ. ಎರಡನೆಯ ದಾರಿ, 250ರಿಂದ 300 ಡಿಗ್ರಿಯಲ್ಲಿ ಕಾಯಿಸಿ ಒಳಗಿನ ಬಿಗಿತವನ್ನು ಸಡಿಲಿಸುವುದು. ಗಡಸುತನ ಹೋಗುವುದಿಲ್ಲ, ಬಿಗಿತ ಇಳಿಯುತ್ತದೆ, ತೋಟಾ ತಯಾರಕರಿಗೂ ಗೊತ್ತಿದ್ದ ಉಪಾಯ. ಅಲ್ಲಿ ಮತ್ತೆ ಆ 183 ಡಿಗ್ರಿಯ ಬೆಸುಗೆ ಅಡ್ಡ ನಿಂತಿತು.

ಉಳಿದದ್ದು ಒಂದೇ. ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ತೊಳೆದು, ಸಂದುಗಳಲ್ಲಿ ಅವಿತ ಹಸಿರನ್ನೆಲ್ಲ ತೆಗೆದು, ಹೇರ್ ಡ್ರೈಯರ್‌ನಲ್ಲಿ ಒಣಗಿಸಿದೆ. ಒಳಬದಿಯಲ್ಲಿ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನೆಳೆಯ ಬಟ್ಟೆಯನ್ನು ಅಸಿಟೋನಿನಲ್ಲಿ ಕರಗುವ ಅಕ್ರಿಲಿಕ್ ಅಂಟಿನಿಂದ ಕೂರಿಸಿದೆ. ಬೇಡವೆನಿಸಿದ ದಿನ ಅಸಿಟೋನ್ ಹಚ್ಚಿದರೆ ಬಿಟ್ಟುಬರುತ್ತದೆ. ಬಿರುಕಿನ ಎರಡೂ ತುದಿಗೆ ಒಳಗಡೆ ಮಾರ್ಕರಿನಲ್ಲಿ ಚುಕ್ಕಿ ಇಟ್ಟು ತಾರೀಖು ಬರೆದೆ.

ಮನೆಯಲ್ಲಿ ಡಬ್ಬಿ ಪಾಲಿಶ್ ಬಳಸುವವರಿಗೆ ಒಂದು ಮಾತು. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಬಹಳ ಸಲ ಇದೇ ಅಮೋನಿಯಾ. ಬಾಗಿಲ ಹಿಡಿಗೆ ಹಚ್ಚಿ ಒರೆಸಿದರೆ ಏನೂ ಆಗದು. ಅಚ್ಚೊತ್ತಿದ ಹಳೆಯ ತಗಡಿನ ಸಂದುಗೊಂದುಗಳಲ್ಲಿ ಅದನ್ನು ಬಿಟ್ಟು ಎದ್ದುಹೋಗುವುದು ಬೇರೆಯೇ ಮಾತು.

8. ತೊಗಲಿಗೆ ಎಣ್ಣೆ ಹಚ್ಚಬೇಡಿ, ತೊಗಲಿನ ಹಿಂದೆ ಏನಿದೆ ನೋಡಿ

ಗದ್ದದ ಸರಪಳಿಯ ಉಂಗುರಗಳ ಅಡಿಯಲ್ಲಿ ತೊಗಲಿನ ಪಟ್ಟಿ ಇತ್ತು. ಎರಡರ ನಡುವೆ ಮೇಣದಂಥ ಹಸಿರು ಜಿಡ್ಡು. ಹಿಂದೆ ಯಾರೋ ಪ್ರೀತಿಯಿಂದ ಹಚ್ಚಿದ ಎಣ್ಣೆ ತಾಮ್ರದ ಜೊತೆ ಕೂಡಿ ಒಂದು ಬಗೆಯ ಸಾಬೂನಾಗಿತ್ತು. ತೊಗಲಿಗೆ ಹರಳೆಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ ಎಂಬುದು ಚಪ್ಪಲಿಗೆ ನಿಜ, ಹಿತ್ತಾಳೆಗೆ ತಾಗಿಕೊಂಡಿರುವ ತೊಗಲಿಗೆ ಅಲ್ಲ. ತಲೆಯ ಸುತ್ತಿನ ತೊಗಲಂತೂ ಮುಟ್ಟಿದರೆ ಇಟ್ಟಿಗೆ ಪುಡಿಯಂತೆ ಉದುರುತ್ತಿತ್ತು. ಹಳೆಯ ಬೈಂಡಿನ ಪುಸ್ತಕ ತೆರೆದಾಗ ಕೈಗೆ ಅಂಟುವ ಕೆಂಪು ಪುಡಿ ಇದೆಯಲ್ಲ, ಅದೇ ರೋಗ. ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕಲಸಿ ಕುಂಚದಲ್ಲಿ ಕುಡಿಸಿದೆ, ವಾರಕ್ಕೊಂದು ಸಲ, ನಾಲ್ಕು ಸಲ. ಹೊಸದಾಗಲಿಲ್ಲ. ಉದುರುವುದು ನಿಂತಿತು.

ಆ ತೊಗಲನ್ನು ಬಿಚ್ಚುವಾಗ ಹಣೆಯ ಕಡೆಯಿಂದ ಮಡಿಸಿದ ಕಾಗದದ ಪಟ್ಟಿ ಜಾರಿತು. ಯಾವುದೋ ಲೆಕ್ಕದ ಪುಸ್ತಕದ ಹಾಳೆ. ನೀಲಿ ಶಾಯಿಯ ಅಂಕಿಗಳು, ಅಡ್ಡಗೆರೆ, ಕೂಡಿದ ಮೊತ್ತ, ಬೆವರಿನ ಕಂದು ಅಲೆಗಳು. ಹಣೆಗೆ ನಾಲ್ಕು ಮಡಿಕೆ, ಹಿಂದಲೆಗೆ ಎರಡು. ಸರ್ಕಾರಿಯೋ ಗಿರಣಿಯದೋ, ಯೂನಿಫಾರಂ ಯಾವತ್ತೂ ಬೇರೆಯವರ ಅಳತೆಗೇ ಹೊಲಿದಿರುತ್ತದೆ. ದೊಡ್ಡ ಹೆಲ್ಮೆಟ್ಟನ್ನು ತನ್ನ ತಲೆಗೆ ಹೊಂದಿಸಿಕೊಳ್ಳಲು ಅಜ್ಜ ಮಾಡಿಕೊಂಡ ಉಪಾಯ ಇದು.

ಮೊಮ್ಮಗ ಅದನ್ನು ಫ್ರೇಮ್ ಹಾಕಿಸುತ್ತೇನೆಂದ. ನಾನು ಒಪ್ಪಲಿಲ್ಲ, ಸ್ವಲ್ಪ ಜೋರಾಗಿಯೇ ಮಾತಾದವು. ಕಾಗದ ಗೋಡೆಗೆ ಹೋದರೆ ಅದು ಬರೀ ಹಳೆಯ ಲೆಕ್ಕ, ಯಾರದೋ. ಹಣೆಗೂ ಹಿತ್ತಾಳೆಗೂ ನಡುವೆ ಇದ್ದಾಗ ಮಾತ್ರ ಅದು ಅಜ್ಜನದು. ಕಾಗದದ ಹುಳಿ ಹಿತ್ತಾಳೆಗೆ ತಾಗದಂತೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯಲ್ಲಿ ಸುತ್ತಿ, ಫೋಟೋ ನೋಡಿಕೊಂಡು ಅದೇ ಮಡಿಕೆಗಳಲ್ಲಿ ವಾಪಸ್ಸಿಟ್ಟೆ. ಫ್ರೇಮಿಗೆ ಒಂದು ಜೆರಾಕ್ಸ್ ಕೊಟ್ಟೆ.

9. ಮೇಣ ಹಚ್ಚಿ, ವಾರ್ನಿಷ್ ಬೇಡ

ವಾರ್ನಿಷ್ ಹೊಡೆದರೆ ಹತ್ತು ವರ್ಷ ಚಿಂತೆಯಿಲ್ಲ ಅನ್ನುತ್ತಾರೆ. ಒಂದು ಗೀರು ಬಿದ್ದರೆ ಸಾಕು, ಗಾಳಿ ಅಲ್ಲಿಂದ ಒಳಹೊಕ್ಕು ವಾರ್ನಿಷಿನ ಅಡಿಯಲ್ಲೇ ಬೇರು ಬಿಟ್ಟಂತೆ ಕಪ್ಪು ಹರಡುತ್ತದೆ. ಆಗ ಎಲ್ಲವನ್ನೂ ಕಿತ್ತು ಮೊದಲಿನಿಂದ ಶುರುಮಾಡಬೇಕು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 1950ರ ದಶಕದಲ್ಲಿ ರೂಪಿಸಿದ ಮೈಕ್ರೋಕ್ರಿಸ್ಟಲೈನ್ ಮೇಣ ಈಗ ನಮ್ಮಲ್ಲಿಗೂ ತರಿಸಿಕೊಳ್ಳಬಹುದು. ದುಬಾರಿ, ಆದರೆ ಒಂದು ಹೆಲ್ಮೆಟ್ಟಿಗೆ ಕಡಲೆಕಾಳಿನಷ್ಟು ಸಾಕು. ಹಚ್ಚಿ, ಒಣಗಿಸಿ, ಹಳೆಯ ಪಂಚೆಯಲ್ಲಿ ಒರೆಸುವುದು. ಕನ್ನಡಿಯಂತೆ ಹೊಳೆಯುವುದಿಲ್ಲ, ತುಪ್ಪ ಸವರಿದ ಹೋಳಿಗೆಯಂತೆ ಮಂದವಾಗಿ ಮಿನುಗುತ್ತದೆ.

ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಉಪ್ಪು ಗುರುತು ಕೊರೆಯುತ್ತದೆ. ಫಿನಾಯಿಲು, ನೆಲ ಒರೆಸುವ ದ್ರಾವಣಗಳಿರುವ ಕಪಾಟಿನಲ್ಲಿ ಇಡಬೇಡಿ. ಹಟ್ಟಿಯ ಅಟ್ಟದ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ. ಈಗ ಹೆಲ್ಮೆಟ್ ಅವರ ಚಾವಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಿಸುವ ಕೆಲಸ ಮನೆಯ ಹುಡುಗಿಯದು.

ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಭೂತಗನ್ನಡಿ ಮತ್ತು ಸ್ಟೀಲಿನ ಅಳತೆಪಟ್ಟಿ ಹಿಡಿದು ಹೋಗುತ್ತೇನೆ. ಮೊದಲ ವರ್ಷ 11 ಮಿಲಿಮೀಟರ್. ಎರಡನೆಯ ವರ್ಷ 11. ಈ ಸಲ ಅಳೆಯುವಾಗ ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಅಳತೆಪಟ್ಟಿ ಅವಳ ಕೈಗೇ ಕೊಟ್ಟೆ. ಉಸಿರು ಬಿಗಿಹಿಡಿದು ನೋಡಿ, “ಹನ್ನೊಂದೂವರೆ ಥರ ಕಾಣ್ತದೆ” ಅಂದಳು. ನಾನೂ ನೋಡಿದೆ. ಒಂದು ಚುಕ್ಕಿ ಮಾಸಿತ್ತು, ಅದರ ನಡುವಿನಿಂದ ಅಳೆದರೆ 11, ಅಂಚಿನಿಂದ ಅಳೆದರೆ ಹನ್ನೊಂದೂವರೆ. ಹೊಸ ಚುಕ್ಕಿ ಇಟ್ಟು, ಈ ವರ್ಷ ಮಳೆ ನಿಂತ ಕೂಡಲೇ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ.